ಕೂಡಿ ಕಳೆದರೆ ಲೆಕ್ಕ ಸರಿ, ಆದ್ರೂ 15 ಮಿ.ಮೀ. ಕಮ್ಮಿ! ಲೆವೆಲಿಂಗ್ (ನೆಲದ ಎತ್ತರ ಅಳೆಯೋ ಕೆಲಸ) ಗೊತ್ತಿರೋರು ಸ್ವಲ್ಪ ನೋಡಿ

ಹೊಸಗೂಟ:
ನಮಸ್ಕಾರ. ಸರ್ವೆ ತಂಡಕ್ಕೆ ಸೇರಿ ಮೂರು ವಾರ ಆಯ್ತು. ಪರೀಕ್ಷೆಗೆ ಉರು ಹೊಡೆದಿದ್ದ ಪದಗಳೆಲ್ಲ ಫೀಲ್ಡಿಗೆ ಬಂದಮೇಲೆ ಒಂದಕ್ಕೊಂದು ಕಲಸಿಹೋಗಿವೆ. ಬ್ಯಾಕ್ ಸೈಟ್ ಅಂದ್ರೆ ಹಿಂದೆ ತಿರುಗಿ ನೋಡೋದು ಅಂದ್ಕೊಂಡಿದ್ದೆ. ನಿನ್ನೆ ನಮ್ಮ ಹಿರಿಯರು ಎದುರಿಗೇ ನಿಂತಿದ್ದ ಸ್ಟಾಫ್ (ಅಳತೆ ಗೀಟು ಹಾಕಿದ ಉದ್ದ ಕೋಲು) ಓದಿ, ಅದನ್ನ ಬಿಎಸ್, ಅಂದ್ರೆ ಬ್ಯಾಕ್ ಸೈಟ್, ಕಾಲಮ್ಮಿಗೆ ಬರೆಸಿದರು. ಕೇಳೋಣ ಅಂದ್ರೆ ಅವರಿಗೆ ಪುರುಸೊತ್ತಿಲ್ಲ.

ನಾನು ಬರೆದ ಪುಟ ಹಾಕ್ತಿದ್ದೀನಿ. ಉಪಕರಣ ಆಟೋ ಲೆವೆಲ್, ಅಂದ್ರೆ ಮಟ್ಟಸವಾಗಿ ನೋಡೋ ದೂರದರ್ಶಕ. ಮೂರು ಕಡೆ ಸ್ಟ್ಯಾಂಡ್ ಹಾಕಿ, ಹೊರಟ ಬೆಂಚ್ ಮಾರ್ಕಿಗೇ (ಬಿಎಂ, ಎತ್ತರ ಗೊತ್ತಿರೋ ಗುರುತು) ವಾಪಸ್ ಬಂದಿದ್ದೀವಿ. ಅದರ ಆರ್‌ಎಲ್ (ಎತ್ತರ) 100.000 ಮೀ. ಅಂತ ಹಿಡಿದಿದ್ದು. ಎಚ್‌ಐ ಅಂದ್ರೆ ದೃಷ್ಟಿರೇಖೆಯ ಎತ್ತರ, ಐಎಸ್ ಇಂಟರ್ಮೀಡಿಯೆಟ್ ಸೈಟ್, ಎಫ್‌ಎಸ್ ಫೋರ್ ಸೈಟ್, ಸಿಪಿ ಚೇಂಜ್ ಪಾಯಿಂಟ್.

1ನೇ ಸ್ಟ್ಯಾಂಡ್: ಬಿಎಂ ಮೇಲೆ ಬಿಎಸ್ 1.425, ಎಚ್‌ಐ 101.425
ಎ ಪಾಯಿಂಟ್, ಐಎಸ್ 1.860, ಆರ್‌ಎಲ್ 99.565
ಬಿ ಪಾಯಿಂಟ್, ಐಎಸ್ 0.985, ಆರ್‌ಎಲ್ 100.404
ಸಿಪಿ1, ಎಫ್‌ಎಸ್ 2.310, ಆರ್‌ಎಲ್ 99.115

2ನೇ ಸ್ಟ್ಯಾಂಡ್: ಸಿಪಿ1 ಮೇಲೆ ಬಿಎಸ್ 0.765, ಎಚ್‌ಐ 99.880
ಸಿ ಪಾಯಿಂಟ್, ಐಎಸ್ 1.540, ಆರ್‌ಎಲ್ 98.340
ಸಿಪಿ2, ಎಫ್‌ಎಸ್ 1.980, ಆರ್‌ಎಲ್ 97.900

3ನೇ ಸ್ಟ್ಯಾಂಡ್: ಸಿಪಿ2 ಮೇಲೆ ಬಿಎಸ್ 2.655, ಎಚ್‌ಐ 100.555
ಬಿಎಂ, ಎಫ್‌ಎಸ್ 0.570, ಆರ್‌ಎಲ್ 99.985

ಬಿಎಸ್ ಎಲ್ಲಾ ಕೂಡಿದ್ರೆ 4.845, ಎಫ್‌ಎಸ್ ಕೂಡಿದ್ರೆ 4.860. ವ್ಯತ್ಯಾಸ −0.015. ಕೊನೆಯ ಆರ್‌ಎಲ್‌ನಲ್ಲಿ ಮೊದಲನೇದು ಕಳೆದ್ರೂ −0.015. ಚೆಕ್ ಸರಿಯಾಗಿದೆ. ಹಾಗಾದ್ರೆ ಹೊರಟ ಜಾಗಕ್ಕೇ ಬಂದು ನಿಂತರೆ 15 ಮಿ.ಮೀ. ಎಲ್ಲಿ ಹೋಯ್ತು?

ರಸಮಟ್ಟ:
ಮೊದಲು ಪದ, ಆಮೇಲೆ 15 ಮಿ.ಮೀ.

ಬ್ಯಾಕ್, ಫೋರ್ ಅನ್ನೋದಕ್ಕೂ ನೀವು ಯಾವ ಕಡೆ ಮುಖ ಮಾಡಿದ್ದೀರಿ ಅನ್ನೋದಕ್ಕೂ ಸಂಬಂಧವೇ ಇಲ್ಲ. ಲೆವೆಲ್ ನಿಲ್ಲಿಸಿದ ಮೇಲೆ ಅದರ ದೃಷ್ಟಿರೇಖೆ ಎಷ್ಟು ಎತ್ತರದಲ್ಲಿದೆ ಅಂತ ನಿಮಗೆ ಗೊತ್ತಿರಲ್ಲ. ಆರ್‌ಎಲ್ ಗೊತ್ತಿರೋ ಜಾಗದಲ್ಲಿ ಸ್ಟಾಫ್ ಇಡಿಸಿ ಓದಿದಾಗ ಅದು ಗೊತ್ತಾಗುತ್ತೆ: ಆರ್‌ಎಲ್‌ಗೆ ರೀಡಿಂಗ್ ಕೂಡಿಸಿದ್ರೆ ಎಚ್‌ಐ. ಆ ಓದು ಬ್ಯಾಕ್ ಸೈಟ್. ಸ್ಟಾಫ್ ಎದುರಿಗಿರಲಿ, ಪಕ್ಕದಲ್ಲಿರಲಿ. ಸ್ಟ್ಯಾಂಡ್ ಎತ್ತೋ ಮುಂಚಿನ ಕಡೆಯ ಓದು ಫೋರ್ ಸೈಟ್. ಎಚ್‌ಐನಿಂದ ಅದನ್ನ ಕಳೆದ್ರೆ ಆ ಜಾಗದ ಆರ್‌ಎಲ್. ನಡುವೆ ಓದಿದ್ದೆಲ್ಲ ಇಂಟರ್ಮೀಡಿಯೆಟ್. ಗೊತ್ತಿರೋ ಎತ್ತರವನ್ನ ಮೇಲಕ್ಕೆ ಎತ್ತಿಕೊಳ್ಳೋದು ಬಿಎಸ್, ಇನ್ನೊಂದು ಜಾಗದಲ್ಲಿ ಕೆಳಗಿಳಿಸೋದು ಎಫ್‌ಎಸ್.

ಸಿಪಿ ಅಂದ್ರೆ ಚೇಂಜ್ ಪಾಯಿಂಟ್. ಅದರ ಮೇಲೆ ಎರಡು ಸಲ ಸ್ಟಾಫ್ ಓದ್ತೀರಿ, ಹಳೇ ಸ್ಟ್ಯಾಂಡಿಂದ ಎಫ್‌ಎಸ್, ಹೊಸದರಿಂದ ಬಿಎಸ್. ಆ ಎರಡು ಓದಿನ ನಡುವೆ ಸ್ಟಾಫ್ ಒಂದು ಕೂದಲೆಳೆಯಷ್ಟು ಕುಸಿದ್ರೂ ಮುಂದಿನ ಎಲ್ಲಾ ಆರ್‌ಎಲ್ ಕೆಟ್ಟಂಗೆ. ಮೆತ್ತಗಿನ ಮಣ್ಣಲ್ಲಿ ಇಡಿಸ್ಬೇಡಿ. ಗಟ್ಟಿ ಕಲ್ಲು, ಇಲ್ಲಾ ಚೆನ್ನಾಗಿ ಹೊಡೆದ ಗೂಟದ ತಲೆ.

ಇನ್ನು ಆ ಚೆಕ್. ಅದು ಸಾಬೀತು ಮಾಡೋದು ಒಂದೇ: ನೀವು ಕೂಡೋದು ಕಳೆಯೋದು ಸರಿಯಾಗಿ ಮಾಡಿದ್ದೀರಿ. 1.425 ಬದಲು ಕಣ್ತಪ್ಪಿ 1.525 ಓದಿದ್ರೂ ಚೆಕ್ ಹೀಗೇ ಸರಿಯಾಗಿ ಬರ್ತಿತ್ತು.

ಪ್ರಿಸಂ ಹಿಡಿದೋಳು:
ಅಣ್ಣಾ, ಕೂಡೋದು ಕಳೆಯೋದೂ ಪೂರ್ತಿ ಸರಿ ಇಲ್ಲ 🙂 ಬಿ ಪಾಯಿಂಟ್ ನೋಡಿ. 101.425ರಲ್ಲಿ 0.985 ಕಳೆದ್ರೆ 100.440. ಪುಟದಲ್ಲಿ 100.404 ಇದೆ. ಅಂಕಿ ಅದಲು ಬದಲು.

ಎಚ್‌ಐ ವಿಧಾನದ ಚೆಕ್ಕಲ್ಲಿ ಐಎಸ್ ಬರೋದೇ ಇಲ್ಲ, ಅದಕ್ಕೇ ಈ ತಪ್ಪು ಸಿಕ್ಕಿಹಾಕಿಕೊಂಡಿಲ್ಲ. ರೈಸ್ ಅಂಡ್ ಫಾಲ್‌ನಲ್ಲಿ ಬರೆದಿದ್ರೆ ಪ್ರತಿ ಓದನ್ನೂ ಅದರ ಹಿಂದಿನ ಓದಿನ ಜೊತೆ ಹೋಲಿಸ್ತೀರಿ: ಬಿಎಂನಿಂದ ಎಗೆ 0.435 ಇಳಿತ, ಎಯಿಂದ ಬಿಗೆ 0.875 ಏರು, ಬಿಯಿಂದ ಸಿಪಿ1ಗೆ 1.325 ಇಳಿತ. ಬಿಯಲ್ಲಿ ತಪ್ಪಿದ್ರೆ ಆ ತಪ್ಪು ಸಿಪಿ1ಕ್ಕೆ, ಅಲ್ಲಿಂದ ಕೊನೇವರೆಗೆ ಹರಿದು ಬಂದು ತಾಳೆ ತಪ್ಪಿಸ್ತಿತ್ತು. ಬರೆಯೋದು ಜಾಸ್ತಿ, ನಿಜ. ಒಂದೇ ಸ್ಟ್ಯಾಂಡಿಂದ ನಲವತ್ತು ಐಎಸ್ ತೆಗೆಯೋ ದಿನ ನಾನೂ ಎಚ್‌ಐ ವಿಧಾನಕ್ಕೇ ಹೋಗ್ತೀನಿ. ಆದ್ರೆ ಕಲಿಯೋರು ಮೊದಲ ಆರು ತಿಂಗಳು ರೈಸ್ ಅಂಡ್ ಫಾಲ್ ಬರೀಬೇಕು ಅಂತ ನನ್ನ ಹಟ.

ಹೊಸಗೂಟ:
ಅಯ್ಯೋ, ಹೌದು ಅಕ್ಕ! ಆ ಬಿ ಮೇಲೇ ಫುಟಿಂಗ್ (ಅಡಿಪಾಯ) ಬರೋದು. 36 ಮಿ.ಮೀ. ತಪ್ಪಾಗ್ತಿತ್ತು. ಥ್ಯಾಂಕ್ಸ್. ಆದ್ರೂ 15 ಮಿ.ಮೀ. ಹಾಗೇ ಉಳೀತಲ್ಲ.

ಮುಕ್ಕಾಲಿ:
ಲೆವೆಲ್‌ನಿಂದ ಸ್ಟಾಫ್‌ಗೆ ದೂರ ಎಷ್ಟೆಷ್ಟಿತ್ತು? ಬಿಎಸ್‌ಗೆ ಎಷ್ಟು, ಎಫ್‌ಎಸ್‌ಗೆ ಎಷ್ಟು?

ಹೊಸಗೂಟ:
ದೂರ ಅಳೆದಿಲ್ಲ ಸರ್. ಅದು ಯಾಕೆ ಬೇಕು, ನಮಗೆ ಬೇಕಿರೋದು ಎತ್ತರ ತಾನೆ? ಅಂದಾಜಲ್ಲಿ ಹೇಳೋದಾದ್ರೆ, ಸ್ಟಾಫ್ ದಾಟಿ ಹದಿನೈದು ಮೀಟರ್ ಮುಂದೆ ಸ್ಟ್ಯಾಂಡ್ ಹಾಕ್ತಿದ್ವಿ, ಆಮೇಲೆ ಕಣ್ಣಿಗೆ ಕಾಣೋವರೆಗೆ ಸ್ಟಾಫ್ ಮುಂದಕ್ಕೆ ಕಳಿಸ್ತಿದ್ವಿ, ಅರವತ್ತೈದು ಮೀಟರ್ ಇರಬಹುದು. ಮೂರೂ ಕಡೆ ಹೆಚ್ಚುಕಮ್ಮಿ ಹಾಗೇ.

ಮುಕ್ಕಾಲಿ:
ಅಂದ್ಕೊಂಡೆ. ಕಳ್ಳ ಅಲ್ಲೇ ಇದ್ದಾನೆ.

ದೂರ ಅಳೆಯೋಕೆ ಟೇಪ್ ಬೇಡ. ಕಣ್ಣಿಟ್ಟಾಗ ನಡುವಿನ ಅಡ್ಡಗೆರೆಯ ಮೇಲೊಂದು ಕೆಳಗೊಂದು ಗಿಡ್ಡ ಗೆರೆ ಕಾಣುತ್ತಲ್ಲ, ಅದು ಸ್ಟೇಡಿಯಾ. ಮೇಲಿನದರಲ್ಲಿ ಕೆಳಗಿನದು ಕಳೆದು 100ರಿಂದ ಗುಣಿಸಿ. ಮೇಲೆ 1.500, ಕೆಳಗೆ 1.350 ಬಂದ್ರೆ 0.150, ಅಂದ್ರೆ 15 ಮೀ. ಜೊತೆಗೊಂದು ಲಾಭ: ಎರಡರ ಸರಾಸರಿ ನಡುಗೆರೆಯ ಓದಿಗೆ ಸಮ ಬರ್ಬೇಕು. ಇಲ್ಲಿ 1.425. ಬರಲಿಲ್ಲ ಅಂದ್ರೆ ಎಲ್ಲೋ ತಪ್ಪು ಓದಿದ್ದೀರಿ, ಅಲ್ಲೇ ನಿಂತಲ್ಲೇ ಗೊತ್ತಾಗುತ್ತೆ. ಮೂರೂ ಗೆರೆ ಓದೋಕೆ ಇಪ್ಪತ್ತು ಸೆಕೆಂಡ್ ಹೆಚ್ಚಿಗೆ ಹಿಡಿಯುತ್ತೆ, ಅಷ್ಟೆ.

ರಸಮಟ್ಟ:
ಮುಕ್ಕಾಲಿಯವರು ಹಿಡಿದ ಜಾಡು ಸರಿ. ಬಿಡಿಸಿ ಹೇಳ್ತೀನಿ.

ದೂರದರ್ಶಕದ ಅಡ್ಡಗೆರೆಯಿಂದ ಮುಂದಿನ ಗಾಜಿನ ನಡುವಿಗೆ ಎಳೆದ ರೇಖೆ ಕಾಲಿಮೇಷನ್ ರೇಖೆ. ಉಪಕರಣ ಸಮಮಟ್ಟದಲ್ಲಿದ್ದಾಗ ಈ ರೇಖೆಯೂ ಮಟ್ಟಸವಾಗಿ ಇರಬೇಕು. ಇರುತ್ತೆ ಅಂತ ನಂಬಿಕೊಂಡೇ ನಾವು ಓದೋದು. ಅದು ಚೂರು ಮೇಲಕ್ಕೆ ಓರೆಯಾಗಿದ್ರೆ, ಹತ್ತಿರದ ಸ್ಟಾಫ್‌ನಲ್ಲಿ ಚೂರು ಹೆಚ್ಚು ಓದ್ತೀರಿ, ದೂರದ್ದರಲ್ಲಿ ಇನ್ನೂ ಹೆಚ್ಚು. ತಪ್ಪು ದೂರಕ್ಕೆ ತಕ್ಕಂತೆ ಬೆಳೆಯುತ್ತೆ. ಬಿಎಸ್, ಎಫ್‌ಎಸ್ ಎರಡೂ ಒಂದೇ ದೂರದಲ್ಲಿದ್ರೆ ಎರಡರಲ್ಲೂ ಅಷ್ಟೇ ತಪ್ಪು, ಒಂದನ್ನ ಕೂಡಿಸಿ ಇನ್ನೊಂದನ್ನ ಕಳೀವಾಗ ಅದು ಮಾಯ. ನಿಮ್ಮದರಲ್ಲಿ ಸ್ಟ್ಯಾಂಡಿಗೆ 50 ಮೀಟರ್ ಎಫ್‌ಎಸ್ ಕಡೆಗೇ ಹೆಚ್ಚು, ಮೂರು ಸಲಕ್ಕೆ 150. ಎಲ್ಲಾ ತಪ್ಪೂ ಒಂದೇ ಕಡೆಗೆ ಗುಡ್ಡೆ ಬಿದ್ದಿದೆ. ಎಫ್‌ಎಸ್ ಮೊತ್ತ ಹೆಚ್ಚಾಗಿ ಆರ್‌ಎಲ್ ಇಳಿದಿರೋದರಿಂದ ರೇಖೆ ಮೇಲಕ್ಕೆ ಓರೆಯಾಗಿದೆ ಅಂತ ನನ್ನ ಊಹೆ.

ಊಹೆ ಯಾಕೆ, ಪರೀಕ್ಷೆ ಮಾಡಿ. ಟೂ ಪೆಗ್ ಟೆಸ್ಟ್. 60 ಮೀಟರ್ ಅಂತರದಲ್ಲಿ ಎರಡು ಗೂಟ. ಲೆವೆಲ್ ಸರಿಯಾಗಿ ನಡುವೆ ಇಟ್ಟು ಎರಡೂ ಓದಿ, ಆ ವ್ಯತ್ಯಾಸ ನಂಬಬಹುದಾದದ್ದು, ಉಪಕರಣ ಎಷ್ಟೇ ಕೆಟ್ಟಿರಲಿ. ಆಮೇಲೆ ಒಂದು ಗೂಟದ ಆಚೆ ಐದಾರು ಮೀಟರ್ ದೂರಕ್ಕೆ ಹೋಗಿ ಮತ್ತೆ ಎರಡೂ ಓದಿ. ಈ ವ್ಯತ್ಯಾಸವೂ ಅಷ್ಟೇ ಬಂದ್ರೆ ಉಪಕರಣ ಸರಿ.

ಸುಮ್ನೆ ಓದೋನು:
ಅವರು ಹೇಳ್ತಿರೋದು ಆಟೋ ಲೆವೆಲ್. ಅದರಲ್ಲಿ ಕಾಂಪನ್ಸೇಟರ್ ಇರುತ್ತೆ, ತಾನೇ ಮಟ್ಟ ಮಾಡಿಕೊಳ್ಳುತ್ತೆ. ಈ ದೋಷ ಹಳೇ ಡಂಪಿ ಲೆವೆಲ್ ಕಾಲದ್ದು ಅಲ್ವಾ?

ರಸಮಟ್ಟ:
ಇಲ್ಲ. ಇದು ಬಹಳ ಜನ ನಂಬಿರೋ ಸುಳ್ಳು. ಕಾಂಪನ್ಸೇಟರ್ ಅಂದ್ರೆ ಒಳಗೆ ಸಣ್ಣ ತಂತಿಗಳಲ್ಲಿ ತೂಗುಬಿಟ್ಟ ಪ್ರಿಸಂ. ನೀವು ದುಂಡು ಗುಳ್ಳೆಯನ್ನ ವೃತ್ತದೊಳಗೆ ತಂದಮೇಲೆ ಉಳಿಯೋ ಸಣ್ಣ ವಾಲನ್ನ ಅದು ಸರಿದೂಗಿಸುತ್ತೆ. ಅಡ್ಡಗೆರೆಯೇ ತನ್ನ ಜಾಗದಿಂದ ಚೂರು ಸರಿದಿದ್ರೆ ಅದಕ್ಕೆ ಏನು ಗೊತ್ತು? ಪ್ರತಿ ಸಲವೂ ಅದೇ ತಪ್ಪು ಓರೆಯನ್ನ ನಿಷ್ಠೆಯಿಂದ ಹಿಡಿದು ಕೊಡುತ್ತೆ. ಜೀಪಿನ ಹಿಂದೆ ಕುಲುಕಾಡಿಕೊಂಡು ಓಡಾಡೋ ಉಪಕರಣದಲ್ಲಿ ಗೆರೆ ಸರಿಯೋದು ದೊಡ್ಡ ವಿಷಯವೇ ಅಲ್ಲ.

ಕಾಂಪನ್ಸೇಟರ್ ಸಿಕ್ಕಿಕೊಂಡಿದೆಯೋ ನೋಡೋಕೆ ಟ್ರೈಪಾಡ್ ಕಾಲನ್ನ ಬೆರಳಲ್ಲಿ ಮೆಲ್ಲಗೆ ತಟ್ಟಿ. ಗೆರೆ ಅಲ್ಲಾಡಿ ಅದೇ ಓದಿಗೆ ವಾಪಸ್ ಬರಬೇಕು. ಅಲ್ಲಾಡಲೇ ಇಲ್ಲ ಅಂದ್ರೆ ಅಂಟಿಕೊಂಡಿದೆ.

ಹಳೇ ಸರಪಳಿ:
ತಡವಾಗಿ ಬಂದೆ. ಹೇಳೋದೆಲ್ಲ ಹೇಳಿದ್ದಾರೆ, ಎರಡು ಮಾತು ಸೇರಿಸ್ತೀನಿ.

ಭೂಮಿ ದುಂಡಗಿರೋದರಿಂದಲೂ ಓದು ಹೆಚ್ಚುತ್ತೆ, ಗಾಳಿಯಲ್ಲಿ ಬೆಳಕು ಬಾಗೋದು ಅದನ್ನ ಸ್ವಲ್ಪ ಕಮ್ಮಿ ಮಾಡುತ್ತೆ. ಎರಡೂ ಸೇರಿ ಸುಮಾರು 0.0673 ಗುಣಿಸು ದೂರದ ವರ್ಗ. ದೂರ ಕಿಲೋಮೀಟರಲ್ಲಿ ಹಾಕಿದ್ರೆ ಉತ್ತರ ಮೀಟರಲ್ಲಿ. ಒಂದು ಕಿಲೋಮೀಟರಿಗೆ 67 ಮಿ.ಮೀ., ನೂರು ಮೀಟರಿಗೆ ಮುಕ್ಕಾಲು ಮಿಲಿಮೀಟರೂ ಇಲ್ಲ. ಈ ಹುಡುಗನ ಲೆಕ್ಕದಲ್ಲಿ ಮೂರು ಸ್ಟ್ಯಾಂಡಿಗೂ ಸೇರಿ 0.8 ಮಿ.ಮೀ. ಅಷ್ಟೆ. ದೂರ ಸಮ ಮಾಡಿದ್ರೆ ಇದೂ ಹೋಗುತ್ತೆ, ಒಂದೇ ಕಲ್ಲಿಗೆ ಎರಡು ಹಕ್ಕಿ.

ಎರಡನೇದು ಸ್ಟಾಫ್. ವಾಲಿದ ಸ್ಟಾಫ್ ಯಾವಾಗಲೂ ಹೆಚ್ಚೇ ಓದಿಸುತ್ತೆ, ಕಮ್ಮಿ ಓದಿಸಲ್ಲ. ಹಿಡಿದೋನಿಗೆ ಹಿಂದಕ್ಕೂ ಮುಂದಕ್ಕೂ ನಿಧಾನ ತೂಗಾಡಿಸು ಅನ್ನಿ, ಕಂಡ ಅತಿ ಕಮ್ಮಿ ಓದು ಬರ್ಕೊಳ್ಳಿ. 2.655ರಂಥ ಎತ್ತರದ ಓದಿನಲ್ಲಿ ಇದು ಮುಖ್ಯ, 0.570ರಲ್ಲಿ ಅಷ್ಟಿಲ್ಲ.

ಪ್ಯಾರಲಾಕ್ಸ್ ತೆಗೆದ್ರಾ? ಮೊದಲು ಕಣ್ಣಿನ ಕಡೆಯ ಗಾಜು ತಿರುಗಿಸಿ ಅಡ್ಡಗೆರೆ ಕಪ್ಪಗೆ, ಚೂಪಾಗಿ ಕಾಣಬೇಕು. ಆಮೇಲೆ ಫೋಕಸ್ ತಿರುಪು ತಿರುಗಿಸಿ ಸ್ಟಾಫ್. ಕಣ್ಣು ಮೇಲೆ ಕೆಳಗೆ ಆಡಿಸಿದಾಗ ಗೆರೆ ಸ್ಟಾಫ್ ಮೇಲೆ ಜಾರಿದ್ರೆ ಇನ್ನೂ ಹೋಗಿಲ್ಲ. ಇಬ್ಬರು ಓದೋರಿದ್ರೆ ಇಬ್ಬರೂ ಅವರವರ ಕಣ್ಣಿಗೆ ಹೊಂದಿಸ್ಕೋಬೇಕು. ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಆಗುತ್ತಾ?

ಹೊಸಗೂಟ:
ಇವತ್ತು ಟೂ ಪೆಗ್ ಮಾಡಿದೆ. ನಡುವಿಂದ: ಎ ಗೂಟ 1.482, ಬಿ ಗೂಟ 1.257. ವ್ಯತ್ಯಾಸ 0.225. ಬಿ ಗೂಟದ ಆಚೆ 6 ಮೀಟರಿಂದ: ಬಿ 1.340, ಎ 1.570. ವ್ಯತ್ಯಾಸ 0.230. 5 ಮಿ.ಮೀ. ಹೆಚ್ಚು!

ಮುಕ್ಕಾಲಿ:
60 ಮೀಟರಿಗೆ 5 ಮಿ.ಮೀ., ಅಂದ್ರೆ ಮೀಟರಿಗೆ 0.083. ಗುಣಿಸು 150 ಅಂದ್ರೆ 12.5 ಮಿ.ಮೀ. ಹಳೇ ಸರಪಳಿಯವರ 0.8 ಸೇರಿಸಿ 13.3. ನಿಮ್ಮ 15ರಲ್ಲಿ ಉಳಿದದ್ದು ಎರಡು ಮಿಲಿಮೀಟರೂ ಇಲ್ಲ, ಅದು ಓದೋ ಕಣ್ಣಿನದು.

ರಸಮಟ್ಟ:
ಗೆರೆ ಹೊಂದಿಸೋ ತಿರುಪು ಇರುತ್ತೆ, ಆದ್ರೆ ನೀವು ಕೈ ಹಾಕ್ಬೇಡಿ. ಸರ್ವಿಸಿಗೆ ಕಳಿಸಿ. ಅಲ್ಲೀವರೆಗೆ ಬಿಎಸ್ ಎಫ್‌ಎಸ್ ಸಮದೂರದಲ್ಲಿಟ್ಟು ಕೆಲಸ ಮಾಡಬಹುದು.

ಒಂದು ಎಚ್ಚರಿಕೆ. ಸಮದೂರ ಉಳಿಸೋದು ಚೇಂಜ್ ಪಾಯಿಂಟ್‌ಗಳನ್ನ ಮಾತ್ರ. ಐಎಸ್ ಪಾಯಿಂಟ್‌ಗಳು ಎಲ್ಲೆಲ್ಲೋ ಇರುತ್ತಲ್ಲ, ಅವಕ್ಕೆ ಆ ರಕ್ಷಣೆ ಇಲ್ಲ. ಬಿಎಸ್ 15 ಮೀಟರಲ್ಲಿ, ಐಎಸ್ 50 ಮೀಟರಲ್ಲಿ ಇದ್ರೆ ಆ ಪಾಯಿಂಟ್ ಸುಮಾರು 3 ಮಿ.ಮೀ. ತಪ್ಪು. ಮಣ್ಣು ಅಗೆಯೋಕೆ ನಡೆಯುತ್ತೆ. ಕಂಬದ ಬೇಸ್ ಪ್ಲೇಟಿಗೆ ನಡೆಯಲ್ಲ. ಲೂಪ್ ಚೆನ್ನಾಗಿ ಮುಚ್ಚಿದೆ ಅಂತ ನಡುವಿನ ಪಾಯಿಂಟ್‌ಗಳೂ ಚೆನ್ನಾಗಿವೆ ಅಂದ್ಕೋಬೇಡಿ.

ಎಷ್ಟು ಬಿಡಬಹುದು ಅಂತ ಮುಂದೆ ಕೇಳ್ತೀರಿ, ಈಗಲೇ ಹೇಳಿಬಿಡ್ತೀನಿ: ಪಠ್ಯಗಳಲ್ಲಿ ಸಾಮಾನ್ಯವಾಗಿ ಒಳ್ಳೇ ಕೆಲಸಕ್ಕೆ 12 ಮಿ.ಮೀ. ಗುಣಿಸು ಕಿಲೋಮೀಟರಿನ ವರ್ಗಮೂಲ. ನಿಮ್ಮ ದಾರಿ 240 ಮೀ., ಅಂದ್ರೆ ಸುಮಾರು 6 ಮಿ.ಮೀ. ಅದರೊಳಗೆ ಬಂದ್ರೆ ಸ್ಟ್ಯಾಂಡುಗಳಿಗೆ ಹಂಚಿ. 15ನ್ನ ಹಂಚೋದು ಅಂದ್ರೆ ತಪ್ಪನ್ನ ಚಾಪೆ ಕೆಳಗೆ ಗುಡಿಸೋದು.

ಸುಮ್ನೆ ಓದೋನು:
ಒಪ್ಪಿದೆ, ಕಾಂಪನ್ಸೇಟರ್ ಬಗ್ಗೆ ನಾನು ತಪ್ಪು ತಿಳ್ಕೊಂಡಿದ್ದೆ. ಆದ್ರೆ ಇನ್ನೊಂದು ತಲೆ ತಿನ್ನೋ ವಿಷಯ. ಟೋಟಲ್ ಸ್ಟೇಷನ್ (ಕೋನ, ದೂರ ಎರಡೂ ಅಳೆಯೋ ಉಪಕರಣ) ಕೂಡ ಎಚ್‌ಐ ಕೇಳುತ್ತೆ. ಅಲ್ಲಿ ನಾನು 101.425ರಂಥ ಸಂಖ್ಯೆ ಹಾಕಿ ಒಂದು ದಿನದ ಕೆಲಸ ಕೆಡಿಸಿಕೊಂಡವನು.

ಪ್ರಿಸಂ ಹಿಡಿದೋಳು:
ನೀವೊಬ್ಬರೇ ಅಲ್ಲ ಬಿಡಿ. ಒಂದೇ ಹೆಸರು, ಎರಡು ಅರ್ಥ. ಲೆವೆಲಿಂಗ್‌ನಲ್ಲಿ ಎಚ್‌ಐ ಅಂದ್ರೆ ಡೇಟಮ್‌ನಿಂದ (ಎತ್ತರ ಎಣಿಸೋಕೆ ಸೊನ್ನೆ ಅಂತ ಹಿಡಿದ ಮಟ್ಟ) ದೃಷ್ಟಿರೇಖೆಗಿರೋ ಎತ್ತರ, ಕಾಲ ಕೆಳಗಿನ ನೆಲ ಎಷ್ಟಿದ್ರೂ ಲೆಕ್ಕಕ್ಕಿಲ್ಲ. ಟೋಟಲ್ ಸ್ಟೇಷನ್‌ನಲ್ಲಿ ಗೂಟದ ತಲೆಯಿಂದ ಟ್ರನಿಯನ್ ಅಕ್ಷದ (ದೂರದರ್ಶಕ ಮೇಲೆ ಕೆಳಗೆ ತಿರುಗೋ ಅಡ್ಡ ಅಕ್ಷ) ಗುರುತಿನವರೆಗೆ ಟೇಪ್ ಹಿಡಿದು ಅಳೆದದ್ದು, ಒಂದೂವರೆ ಮೀಟರ್ ಆಸುಪಾಸು. ಜೊತೆಗೆ ಪ್ರಿಸಂ (ಉಪಕರಣದ ಬೆಳಕನ್ನ ವಾಪಸ್ ಕಳಿಸೋ ಗಾಜು) ಇರೋ ಕಂಬದ ಎತ್ತರ. ಗಿಡ ಅಡ್ಡ ಬಂತು ಅಂತ ಕಂಬ ಎತ್ತಿ, ಓದೋರಿಗೆ ಹೇಳೋದು ಮರೆತರೆ ಅಲ್ಲಿಂದ ಮುಂದಿನ ಪಾಯಿಂಟ್‌ಗಳೆಲ್ಲ ಗಾಳಿಯಲ್ಲಿ ತೇಲ್ತವೆ. ನಾನು ಒಮ್ಮೆ ಅರ್ಧ ಕೆರೆ ಏರಿಯನ್ನ ಹಾಗೆ 30 ಸೆಂ.ಮೀ. ಎತ್ತಿಬಿಟ್ಟಿದ್ದೆ.

ಪ್ರಿಸಂ ಕಾನ್‌ಸ್ಟಂಟೂ ಹಾಗೇ. ಬೆಳಕು ಗಾಜಿನೊಳಗೆ ಹೋಗಿ ತಿರುಗಿ ಬರೋ ದಾರಿಗೂ ಕಂಬದ ನಡುವಿಗೂ ಇರೋ ಅಂತರದ ಲೆಕ್ಕ ಅದು. ಕೆಲವು ಪ್ರಿಸಂಗೆ 0, ಕೆಲವಕ್ಕೆ −30 ಮಿ.ಮೀ., ತಯಾರಿಸಿದೋರ ಮೇಲೆ ಹೋಗುತ್ತೆ. ತಪ್ಪು ಹಾಕಿದ್ರೆ ಐದು ಮೀಟರಿಗೂ ಅಷ್ಟೇ ತಪ್ಪು, ಐನೂರು ಮೀಟರಿಗೂ ಅಷ್ಟೇ. ಪ್ರಿಸಂ ಬದಲಾದ ದಿನ ದೂರ ಗೊತ್ತಿರೋ ಎರಡು ಗೂಟದ ನಡುವೆ ಒಮ್ಮೆ ಅಳೆದು ನೋಡಿ.

ಹೊಸಗೂಟ:
ಸರಿ, ಟೋಟಲ್ ಸ್ಟೇಷನ್ ಮಾತು ಬಂತಲ್ಲ, ಫೇಸ್ ಲೆಫ್ಟ್ ಫೇಸ್ ರೈಟ್ ಯಾಕೆ? ಒಂದೇ ಕೋನ ಎರಡು ಸಲ ಓದೋದು ಕಾಲಹರಣ ಅನ್ಸುತ್ತೆ.

ಹಳೇ ಸರಪಳಿ:
ಟೂ ಪೆಗ್‌ನಲ್ಲಿ ನಡುವೆ ನಿಂತು ಮಾಡಿದ ಉಪಾಯವೇ ಇದು, ಮಗಾ. ಅಲ್ಲಿ ತಪ್ಪು ಎರಡೂ ಓದಿನಲ್ಲಿ ಸಮವಾಗಿತ್ತು, ಕಳೆದಾಗ ಹೋಯ್ತು. ಇಲ್ಲಿ ತಪ್ಪು ಎದುರುಬದುರು ಆಗೋ ಹಾಗೆ ಮಾಡ್ತೀವಿ, ಸರಾಸರಿ ತೆಗೆದಾಗ ಹೋಗುತ್ತೆ. ದೂರದರ್ಶಕವನ್ನ ಅಡ್ಡ ಅಕ್ಷದ ಮೇಲೆ ತಲೆಕೆಳಗು ಮಾಡಿ, ಇಡೀ ಉಪಕರಣ ತಿರುಗಿಸಿ ಅದೇ ಗುರಿ ಹಿಡಿದ್ರೆ, ಮೊದಲು ಎಡಕ್ಕೆ ಇದ್ದ ಓರೆ ಈಗ ಬಲಕ್ಕೆ. ಎಡಮುಖದಲ್ಲಿ 45°20′10″, ಬಲಮುಖದಲ್ಲಿ 225°20′30″ ಬಂತು ಅನ್ನು. 180° ಕಳೆದು ಸರಾಸರಿ ತೆಗೆದ್ರೆ 45°20′20″. ಲಂಬಕೋನದಲ್ಲಿ ನೆತ್ತಿಯಿಂದ ಅಳೆಯೋದಾದ್ರೆ ಎರಡೂ ಸೇರಿ 360° ಆಗಬೇಕು. 88°14′20″ ಮತ್ತು 271°45′50″ ಕೂಡಿ ನೋಡು, 10″ ಹೆಚ್ಚು. ಅದರ ಅರ್ಧ 5″ ನಿನ್ನ ಉಪಕರಣದ ಇಂಡೆಕ್ಸ್ ದೋಷ. ಎರಡು ಮುಖ ಓದಿದ್ರೆ ಕೋನದ ಜೊತೆ ಉಪಕರಣದ ಜಾತಕವೂ ಸಿಗುತ್ತೆ.

ಇದರಿಂದ ಹೋಗದ್ದು ಒಂದಿದೆ: ನಿಂತ ಅಕ್ಷವೇ ವಾಲಿದ್ರೆ ಎರಡು ಮುಖದಲ್ಲೂ ಒಂದೇ ಕಡೆ ವಾಲಿರುತ್ತೆ. ಅದಕ್ಕೆ ಗುಳ್ಳೆ ಸರಿಯಾಗಿ ಕೂರಿಸದೆ ಬೇರೆ ಮದ್ದಿಲ್ಲ.

ಹಿಂದಿನವರು ಹೇಗೆ ಕಷ್ಟಪಟ್ಟರು ಅಂದ್ರೆ, 1787ರಲ್ಲಿ ಜೆಸ್ಸಿ ರಾಮ್ಸ್‌ಡೆನ್ ಮಾಡಿಕೊಟ್ಟ ಥಿಯೊಡೊಲೈಟ್‌ನ (ಕೋನ ಅಳೆಯೋ ಉಪಕರಣ) ವೃತ್ತವೇ ಮೂರು ಅಡಿ ಅಗಲ. ವೃತ್ತ ದೊಡ್ಡದಾದಷ್ಟೂ ಗೀಟು ಬಿಡಿಬಿಡಿ, ಓದೋದು ಸೂಕ್ಷ್ಮ. ನೆಲ ಅಳೆಯೋ ಸರಪಳಿ ನೋಡಿದ್ರೆ ಅದಕ್ಕೂ ಹಿಂದಿನದು: ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ 1620ರ ಹೊತ್ತಿಗೆ ತಂದ 66 ಅಡಿ, ನೂರು ಕೊಂಡಿ. ಹತ್ತು ಚದರ ಸರಪಳಿಗೆ ಒಂದು ಎಕರೆ. ಎಕರೆಗೆ 43,560 ಚದರಡಿ ಅನ್ನೋ ವಿಚಿತ್ರ ಸಂಖ್ಯೆ ಸರಪಳಿಯಲ್ಲಿ ಅಳೆದಾಗ ಹತ್ತು ಅನ್ನೋ ದುಂಡು ಸಂಖ್ಯೆ ಆಗುತ್ತೆ. ಬಳಸಿ ಬಳಸಿ ಸರಪಳಿ ಉದ್ದ ಆಗ್ತಿತ್ತು. ಉದ್ದವಾದ ಸರಪಳಿ ನೆಲವನ್ನ ಕಮ್ಮಿ ತೋರಿಸುತ್ತೆ, ಇದನ್ನ ತಿರುಗಾಮುರುಗಾ ಹೇಳದ ಹುಡುಗರನ್ನ ನಾನು ಕಂಡಿದ್ದು ಕಮ್ಮಿ.

ಸುಮ್ನೆ ಓದೋನು:
ಕೊನೇದಾಗಿ ನಂದೊಂದು. ಟೋಟಲ್ ಸ್ಟೇಷನ್‌ನಲ್ಲಿ 1000 ಮೀಟರ್ ಬಂದ ದೂರ, ಆರ್‌ಟಿಕೆ ಜಿಪಿಎಸ್ (ಸೆಂಟಿಮೀಟರ್ ಮಟ್ಟಕ್ಕೆ ಜಾಗ ಹೇಳೋ ಜಿಪಿಎಸ್) ಕೊಟ್ಟ ಎರಡು ಬಿಂದುಗಳ ನಡುವೆ 999.6 ಬರ್ತಿದೆ. ಯಾವುದು ಕೆಟ್ಟಿದೆ?

ರಸಮಟ್ಟ:
ಎರಡೂ ಸರಿಯಾಗಿವೆ. ನೀವು ಯುಟಿಎಂ ಅನ್ನೋ ನಕ್ಷೆ ಪದ್ಧತಿಯಲ್ಲಿ ಇರ್ತೀರಿ. ದುಂಡು ಭೂಮಿಯನ್ನ ಚಪ್ಪಟೆ ಹಾಳೆಗಿಳಿಸುವಾಗ ಮಧ್ಯರೇಖಾಂಶದ ಮೇಲೆ ಬೇಕಂತಲೇ 0.9996ರಿಂದ ಗುಣಿಸಿರ್ತಾರೆ, ವಲಯದ ಅಂಚುಗಳಲ್ಲಿ ಹಿಗ್ಗು ಮಿತಿ ಮೀರದಿರಲಿ ಅಂತ. ಹಾಳೆಯ ದೂರ ಬೇರೆ, ನೆಲದ ದೂರ ಬೇರೆ. ಕಿಲೋಮೀಟರಿಗೆ 40 ಸೆಂ.ಮೀ. ಮಧ್ಯರೇಖಾಂಶದಿಂದ ದೂರ ಹೋದಂತೆ ಈ ಗುಣಕ ಬದಲಾಗುತ್ತೆ, ನೆಲದ ಎತ್ತರವೂ ಸೇರುತ್ತೆ. ಎರಡು ಉಪಕರಣ ಬೆರೆಸೋ ಮುಂಚೆ ಗುಣಕ ಲೆಕ್ಕ ಹಾಕಿ.

ಎತ್ತರದಲ್ಲೂ ಇದೇ ಗುಂಡಿ ಇದೆ. ಜಿಪಿಎಸ್ ತಾನಾಗಿ ಕೊಡೋದು ಎಲಿಪ್ಸಾಯ್ಡ್ (ಭೂಮಿಗೆ ಹೊಂದಿಸಿದ ನುಣುಪಾದ ಗಣಿತದ ಆಕಾರ) ಮೇಲಿನ ಎತ್ತರ. ಲೆವೆಲ್ ಕೊಡೋದು ಸಮುದ್ರಮಟ್ಟದ ಲೆಕ್ಕದ್ದು. ನಡುವಿನ ಅಂತರವೇ ಜಿಯಾಯ್ಡ್ ಅಂತರ, ಕೆಲವು ಕಡೆ ಹತ್ತಾರು ಮೀಟರ್. ಇದು ಬೇರೆ ಚರ್ಚೆಗೇ ಆಗೋವಷ್ಟಿದೆ.

ಹೊಸಗೂಟ:
ವಾಪಸ್ ಬಂದೆ. ಅದೇ ಲೆವೆಲ್, ಅದೇ ದಾರಿ, ಮೂರೇ ಸ್ಟ್ಯಾಂಡ್. ಈ ಸಲ ಮೂರೂ ಗೆರೆ ಓದಿ, ಎರಡೂ ಕಡೆ 40 ಮೀಟರ್ ಆಸುಪಾಸು ಇಟ್ಟೆ. ರೈಸ್ ಅಂಡ್ ಫಾಲ್‌ನಲ್ಲೇ ಬರೆದೆ. ಮುಚ್ಚಿದ್ದು 99.998. ಎರಡೇ ಮಿಲಿಮೀಟರ್! ಸ್ಟಾಫ್ ಹಿಡಿಯೋ ಅಣ್ಣನಿಗೆ ಮಾತ್ರ ನನ್ನ ಮೇಲೆ ಸಿಟ್ಟು, ಹಿಂದೆ ಮುಂದೆ ನಡೆದು ಕಾಲು ನೋವಂತೆ.

ಹಳೇ ಸರಪಳಿ:
ಭೇಷ್. ಸ್ಟಾಫ್ ತಳದ ಮಣ್ಣು ಒರೆಸಿಕೊಂಡಿದ್ದೆಯಾ?

ಹೊಸಗೂಟ:
…ಇಲ್ಲ.